ಹಳೆಯ ಬೈಕಿನ ಪ್ರೈಮರಿ ಚೈನ್: ಬಲಪಡಿಸುವುದೆಂದರೇನು?

ತಿಪಟೂರು: ಕೊಬ್ಬರಿ ಹರಾಜಿಗೆ ಹೆಸರಾದ ತಿಪಟೂರಿನ ಮಾರುಕಟ್ಟೆಗೂ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳಿಗೂ ನಡುವಿನ ದಾರಿಗಳಲ್ಲಿ ಬುಲೆಟ್, ಜಾವಾ, ಯೆಜ್ಡಿಗಳ ಸದ್ದು ಹೊಸದೇನಲ್ಲ. ತಂದೆಯ ಕಾಲದ ಬೈಕನ್ನು ಮಗ ಹೊರತೆಗೆದು, ಸಿಲಿಂಡರ್ ಬೋರ್ ಮಾಡಿಸಿ, ದೊಡ್ಡ ಕಾರ್ಬ್ಯುರೇಟರ್ ಕೂರಿಸಿ ವೇಗ ಹೆಚ್ಚಿಸಲು ಹೊರಡುವುದೂ ಉಂಟು. ಆದರೆ ಹೆಚ್ಚಿದ ಶಕ್ತಿಯನ್ನು ಮೊದಲು ಹೊರಬೇಕಾದ ಭಾಗ ಯಾವುದು ಎಂಬ ಪ್ರಶ್ನೆ ಬಹುಮಟ್ಟಿಗೆ ಮರೆತೇಹೋಗುತ್ತದೆ. ಆ ಭಾಗವೇ ಪ್ರೈಮರಿ ಡ್ರೈವ್.

ಏನಿದು ಪ್ರೈಮರಿ ಡ್ರೈವ್?

ಇಂಜಿನ್ನಿನ ಕ್ರ್ಯಾಂಕ್‌ನಿಂದ ಕ್ಲಚ್ಚಿಗೆ ಶಕ್ತಿಯನ್ನು ಒಯ್ಯುವ ವ್ಯವಸ್ಥೆ ಇದು. ಹಿಂಚಕ್ರಕ್ಕೆ ಹೋಗುವ, ಹೊರಗೆ ಕಾಣುವ ಚೈನ್ ಬೇರೆ. ಎಡಬದಿಯ ಮುಚ್ಚಳದೊಳಗೆ ಎಣ್ಣೆಯಲ್ಲಿ ಓಡುವ ಈ ಚೈನ್ ಬೇರೆ. 1955ರಲ್ಲಿ ಮದ್ರಾಸಿನಲ್ಲಿ ತಯಾರಿಕೆ ಆರಂಭವಾದ ಬುಲೆಟ್‌ನಲ್ಲೂ, 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ ಮತ್ತು ಯೆಜ್ಡಿಗಳಲ್ಲೂ ಇರುವುದು ಚೈನ್ ವ್ಯವಸ್ಥೆ. ರಾಜದೂತ್ 350 ಮತ್ತು ಯಮಹಾ ಆರ್‌ಎಕ್ಸ್ 100 ಬೈಕುಗಳಲ್ಲಿ ಮಾತ್ರ ಈ ಕೆಲಸವನ್ನು ಗೇರುಗಳೇ ಮಾಡುತ್ತವೆ. ರಾಯಲ್ ಎನ್‌ಫೀಲ್ಡ್ ಕೂಡ 2020ರಲ್ಲಿ ಮೀಟಿಯರ್ 350ರೊಂದಿಗೆ ತಂದ ಹೊಸ ಇಂಜಿನ್ನಿನಲ್ಲಿ ಚೈನ್ ಬಿಟ್ಟು ಗೇರಿಗೆ ಬದಲಾಯಿತು.

ಲೆಕ್ಕ ಹೇಳುವುದೇನು?

ನಾಲ್ಕು ಗೇರಿನ ಹಳೆಯ ಬುಲೆಟ್ 350ರಲ್ಲಿ ಕ್ರ್ಯಾಂಕ್ ಸ್ಪ್ರಾಕೆಟ್‌ಗೆ 25 ಹಲ್ಲು, ಕ್ಲಚ್ ಸ್ಪ್ರಾಕೆಟ್‌ಗೆ 56 ಹಲ್ಲು, ಅನುಪಾತ 2.24. ಇವೆರಡನ್ನೂ ಜೋಡಿಸುವುದು 3/8 ಇಂಚು ಪಿಚ್‌ನ ಎರಡು ಸಾಲಿನ ಚೈನ್. ಕ್ರ್ಯಾಂಕ್‌ನಲ್ಲಿ 30 ನ್ಯೂಟನ್ ಮೀಟರ್ ಟಾರ್ಕ್ ಇದೆ ಎಂದಿಟ್ಟುಕೊಂಡರೆ ಚೈನ್ ಮೇಲಿನ ಸರಾಸರಿ ಎಳೆತ ಸುಮಾರು 80 ಕೆ.ಜಿ. ಭಾರಕ್ಕೆ ಸಮ. ಅಂತರರಾಷ್ಟ್ರೀಯ ಮಾನದಂಡದಂತೆ ಇಂಥ ಚೈನ್ ಕನಿಷ್ಠ 16.9 ಕಿಲೋನ್ಯೂಟನ್, ಅಂದರೆ 1,700 ಕೆ.ಜಿ.ಗೂ ಮೀರಿದ ಎಳೆತವನ್ನು ತಾಳಬೇಕು.

ಇಪ್ಪತ್ತು ಪಟ್ಟು ಬಲವಿದ್ದೂ ಚೈನ್ ತುಂಡಾಗುವುದೇಕೆ? ಒಂಟಿ ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೊಮ್ಮೆ ಮಾತ್ರ ಶಕ್ತಿ ಕೊಡುತ್ತದೆ. ಆ ಕ್ಷಣದ ಎಳೆತ ಸರಾಸರಿಯ ಹಲವು ಪಟ್ಟು. ಸಡಿಲ ಚೈನ್ ಪ್ರತಿ ಹೊಡೆತಕ್ಕೂ ಜಗ್ಗುತ್ತದೆ. ಓರೆಯಾಗಿ ಓಡುವ ಚೈನಿನ ಒಂದು ಪಕ್ಕವೇ ಭಾರವನ್ನೆಲ್ಲ ಹೊರುತ್ತದೆ. ಕಾಯಿಯ ಮೂಟೆ ಹೇರಿಕೊಂಡು ತೋಟದ ಮರಳುದಾರಿಯಲ್ಲಿ ಗೇರ್ ಇಳಿಸದೆ ನಿಧಾನವಾಗಿ ಎಳೆಸಿದರೆ ಈ ಜಗ್ಗಾಟ ಇನ್ನೂ ಹೆಚ್ಚು. ಕೊಂಡಿಗಳು ದಣಿದು ಒಡೆಯುವುದು ಹೀಗೆ. ಆದ್ದರಿಂದ ಬಲಪಡಿಸುವುದೆಂದರೆ ದಪ್ಪನೆಯ ಚೈನ್ ಹಾಕುವುದಷ್ಟೇ ಅಲ್ಲ, ಹೊಡೆತವನ್ನು ಕಡಿಮೆ ಮಾಡುವುದು.

ಮಾಡಬೇಕಾದದ್ದು

ನೇರ: ಎರಡೂ ಸ್ಪ್ರಾಕೆಟ್‌ಗಳ ಮುಖಕ್ಕೆ ಉಕ್ಕಿನ ನೇರಪಟ್ಟಿ ಹಿಡಿದು ನೋಡಬೇಕು. ವ್ಯತ್ಯಾಸವಿದ್ದರೆ ತೆಳು ವಾಷರ್ ಕೊಟ್ಟು ಸರಿಪಡಿಸಬೇಕು. ಕ್ಲಚ್ ಡ್ರಮ್ ಅಲುಗಾಡುತ್ತಿದ್ದರೆ ಅದರ ಬುಷ್ ಅಥವಾ ಬೇರಿಂಗ್ ಬದಲಿಸದೆ ಹೊಸ ಚೈನ್ ಹಾಕುವುದು ವ್ಯರ್ಥ.

ಬಿಗಿ: ಬುಲೆಟ್‌ನಲ್ಲಿ ಚೈನಿನ ಕೆಳಗೆ ಟೆನ್ಷನರ್ ಇದೆ. ಇಂಜಿನ್ ತಣ್ಣಗಿರುವಾಗ, ಚೈನ್ ಅತ್ಯಂತ ಬಿಗಿಯಾಗುವ ಜಾಗದಲ್ಲಿ ಸುಮಾರು 6 ಮಿ.ಮೀ. ಆಟ ಉಳಿಯಬೇಕು. ಜಾವಾ 250ರಲ್ಲಿ ಇಂಥ ಹೊಂದಾಣಿಕೆಯಿಲ್ಲ. ಸಡಿಲವಾದ ಚೈನನ್ನು ಬದಲಿಸುವುದೊಂದೇ ದಾರಿ.

ಸವೆತ: 3/8 ಇಂಚು ಪಿಚ್‌ನ ಹೊಸ ಚೈನಿನ 32 ಪಿಚ್‌ಗಳ ಉದ್ದ 304.8 ಮಿ.ಮೀ. ಎಳೆದು ಅಳೆದಾಗ ಇದು 311 ಮಿ.ಮೀ. ಸಮೀಪಿಸಿದರೆ ಶೇ 2ರ ಮಿತಿ ಮುಟ್ಟಿದಂತೆ. ಟೆನ್ಷನರ್ ಇಲ್ಲದ ಇಂಜಿನ್ನಿನಲ್ಲಿ ಅದರ ಅರ್ಧಕ್ಕೇ ಬದಲಿಸುವುದು ಕ್ಷೇಮ. ಹಲ್ಲು ಕೊಕ್ಕೆಯಂತೆ ಬಾಗಿದ ಸ್ಪ್ರಾಕೆಟ್ ಹೊಸ ಚೈನನ್ನೂ ಬೇಗ ಕೆಡಿಸುತ್ತದೆ. ಎರಡನ್ನೂ ಜೊತೆಯಾಗಿ ಬದಲಿಸಬೇಕು. ಬುಲೆಟ್‌ನ ಪ್ರೈಮರಿ ಚೈನ್ ಕೊನೆಯಿಲ್ಲದ ಬಳೆಯಂತಿರುತ್ತದೆ; ಅದಕ್ಕೆ ಕ್ಲಿಪ್ ಕೊಂಡಿ ಹಾಕಿ ಜೋಡಿಸುವುದು ಅಪಾಯಕ್ಕೆ ಆಹ್ವಾನ.

ಎಣ್ಣೆ: ಜಾವಾ, ಯೆಜ್ಡಿಗಳಲ್ಲಿ ಗೇರ್‌ಬಾಕ್ಸ್, ಕ್ಲಚ್, ಪ್ರೈಮರಿ ಚೈನ್ ಮೂರಕ್ಕೂ ಒಂದೇ ಎಣ್ಣೆ. ಕ್ರ್ಯಾಂಕ್‌ನ ಎಡಬದಿಯ ಸೀಲ್ ಸವೆದರೆ ಇಂಜಿನ್ ಈ ಎಣ್ಣೆಯನ್ನೇ ಹೀರಿಕೊಳ್ಳುತ್ತದೆ. ಸೈಲೆನ್ಸರಿನಿಂದ ಬಿಡದೆ ಹೊಗೆ ಬಂದು, ಎಣ್ಣೆಯ ಮಟ್ಟವೂ ಇಳಿಯುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಈ ಸೀಲನ್ನು.

ರಬ್ಬರ್: ಹಿಂಚಕ್ರದ ಹಬ್‌ನೊಳಗಿನ ಕುಶ್ ರಬ್ಬರುಗಳು ಹೊಡೆತ ಹೀರುವ ದಿಂಬುಗಳಿದ್ದಂತೆ. ಅಗ್ಗದ ಈ ರಬ್ಬರುಗಳು ಗಟ್ಟಿಯಾದರೆ ಪೆಟ್ಟೆಲ್ಲ ಪ್ರೈಮರಿ ಚೈನಿಗೆ ಬೀಳುತ್ತದೆ.

ಬೆಲ್ಟ್ ಹಾಕಿದರೆ?

ಹೊರದೇಶಗಳಲ್ಲಿ ಹಳೆಯ ಟ್ರಯಂಫ್, ನಾರ್ಟನ್ ಬೈಕುಗಳಿಗೆ ಚೈನಿನ ಬದಲು ಹಲ್ಲಿನ ಬೆಲ್ಟ್ ಮತ್ತು ಒಣ ಕ್ಲಚ್ ಅಳವಡಿಸುವ ರೂಢಿಯಿದೆ. ತೂಕ ಇಳಿಯುತ್ತದೆ, ಓಟ ನಯವಾಗುತ್ತದೆ. ಆದರೆ ಬೆಲ್ಟ್ ಬಿಸಿಯಾಗದಂತೆ ಮುಚ್ಚಳಕ್ಕೆ ಗಾಳಿಕಿಂಡಿ ಬೇಕು. ಮಣ್ಣುದಾರಿಯ ಧೂಳಿಗೂ ಅದೇ ಬಾಗಿಲು. ಎಣ್ಣೆಗೆ ಎಲ್ಲೂ ಸೋರಿಕೆ ಇರಬಾರದು. ಇನ್ನೊಂದು ಎಚ್ಚರವೂ ಅಗತ್ಯ. ಬಾವಿಯ ಹಗ್ಗವನ್ನು ಮಾತ್ರ ಗಟ್ಟಿ ಮಾಡಿದರೆ ರಾಟೆ ಮುರಿಯುತ್ತದೆ. ಹಾಗೆಯೇ ಪ್ರೈಮರಿಯೊಂದನ್ನೇ ಬಲಪಡಿಸಿದರೆ ಮುಂದಿನ ಪೆಟ್ಟು ಗೇರ್‌ಬಾಕ್ಸಿಗೆ.

ಕಾನೂನಿನ ಮಾತು

2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ಮಾನ್ಯತೆ ಪಡೆಯಬಹುದು. ಆದರೆ ಅದು ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ ಅಥವಾ ಇಂಜಿನ್ ಮಾರ್ಪಾಡಾಗಿರಬಾರದು. ಈ ಮಾನ್ಯತೆ ಬಯಸುವವರು ಬೆಲ್ಟ್‌ನಂಥ ಬದಲಾವಣೆಗೆ ಮುನ್ನ ಯೋಚಿಸುವುದು ಒಳಿತು. ಮೂಲ ಅಳತೆಯ ಒಳ್ಳೆಯ ಚೈನ್, ಹೊಸ ಬೇರಿಂಗ್, ಸರಿಯಾದ ಎಣ್ಣೆಗಳಿಂದ ಬೈಕಿನ ಮೂಲ ರೂಪಕ್ಕೆ ಧಕ್ಕೆಯಿಲ್ಲ.

ತುಂಡಾದರೆ ಏನು ಮಾಡಬೇಕು?

ತುಂಡಾದ ಪ್ರೈಮರಿ ಚೈನ್ ಸ್ಪ್ರಾಕೆಟ್‌ಗೂ ಕೇಸಿಗೂ ನಡುವೆ ಸಿಕ್ಕಿಬಿದ್ದರೆ ಅಲ್ಯೂಮಿನಿಯಂ ಕೇಸ್ ಸೀಳಬಹುದು, ಹಿಂಚಕ್ರ ದಿಢೀರನೆ ನಿಲ್ಲಬಹುದು. ಆ ಕ್ಷಣದಲ್ಲಿ ಸವಾರ ಮಾಡಬೇಕಾದದ್ದು ಒಂದೇ: ಕ್ಲಚ್ ಒತ್ತುವುದು. ಆಗ ಸಿಕ್ಕಿಬಿದ್ದ ಡ್ರಮ್‌ನಿಂದ ಗೇರ್‌ಬಾಕ್ಸ್ ಬಿಡಿಸಿಕೊಂಡು ಚಕ್ರ ಮತ್ತೆ ತಿರುಗುತ್ತದೆ. ಮೈಸೂರಿನ ಕಾರ್ಖಾನೆ ಮುಚ್ಚಿ ದಶಕಗಳೇ ಕಳೆದಿವೆ. ಸೀಳಿದ ಮೂಲ ಕೇಸಿಗೆ ಬದಲಿ ಹುಡುಕುವುದಕ್ಕಿಂತ ಎಡಬದಿಯ ಮುಚ್ಚಳ ತೆರೆದು ಚೈನ್ ನೋಡುವುದು ಎಷ್ಟೋ ಸುಲಭ.