ವಾಯಿದೆಯ ಮೇಲೆ ವಾಯಿದೆ: ಸ್ಟ್ಯಾನ್ ಸ್ವಾಮಿಯವರ 270 ದಿನ

2021ರ ಜುಲೈ 5, ಸೋಮವಾರ. ಮಧ್ಯಾಹ್ನ ಎರಡೂವರೆಗೆ ಬಾಂಬೆ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಎಸ್.ಎಸ್. ಶಿಂಧೆ ಮತ್ತು ಎನ್.ಜೆ. ಜಮಾದಾರ್ ಅವರ ಪೀಠದ ಮುಂದೆ ಒಂದು ಜಾಮೀನು ಅರ್ಜಿ ಬಂತು. ಅರ್ಜಿದಾರರಿಗೆ 84 ವರ್ಷ. ಅವರ ವಕೀಲ ಮಿಹಿರ್ ದೇಸಾಯಿ ವಾದಕ್ಕೆ ತೊಡಗದೆ, ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಯ ವೈದ್ಯಕೀಯ ನಿರ್ದೇಶಕ ಡಾ. ಇಯಾನ್ ಡಿಸೋಜಾ ಅವರಿಗೆ ಮಾತಾಡಲು ಅವಕಾಶ ಕೇಳಿದರು. ಭಾನುವಾರ ನಸುಕಿನಲ್ಲಿ ಹೃದಯ ಸ್ತಂಭನವಾಯಿತು, ಪ್ರಜ್ಞೆ ಮರಳಲಿಲ್ಲ, ಇಂದು 1.24ಕ್ಕೆ ಫಾದರ್ ಸ್ಟ್ಯಾನ್ ಸ್ವಾಮಿ ತೀರಿಕೊಂಡರು ಎಂದು ವೈದ್ಯರು ಪೀಠಕ್ಕೆ ತಿಳಿಸಿದರು. ಜಾಮೀನು ಕೇಳಿದವರೇ ಇಲ್ಲದ ಮೇಲೆ ಆ ಅರ್ಜಿ ಕಡತದಲ್ಲಿ ಉಳಿಯಿತು.

ಸೆರೆಯಲ್ಲಿ ಸತ್ತವರ ಚರಿತ್ರೆ ಬರೆಯುವವರು ಮೊದಲು ಮೈಮೇಲಿನ ಗಾಯ ಹುಡುಕುತ್ತಾರೆ. ಈ ಪ್ರಕರಣದಲ್ಲಿ ನಾನು ತಾರೀಖುಗಳನ್ನು ಹುಡುಕಿದೆ. ಕೋರ್ಟು ಕಚೇರಿ ಕಂಡವರೆಲ್ಲ ಬಲ್ಲ ಮಾತು 'ವಾಯಿದೆ'. ಗಟ್ಟಿಮುಟ್ಟಾದವನಿಗೆ ವಾಯಿದೆಯೆಂದರೆ ಬರೀ ಕಾಯುವಿಕೆ. ದಿನಕ್ಕೊಂದಿಷ್ಟು ಕುಸಿಯುತ್ತಿರುವ ದೇಹಕ್ಕೆ ಅದು ಬೇರೆಯೇ ವಸ್ತು.

ತಿರುಚ್ಚಿರಾಪಳ್ಳಿ ಜಿಲ್ಲೆಯ ವಿರಗಲೂರಿನಲ್ಲಿ 1937ರ ಏಪ್ರಿಲ್ 26ರಂದು ಹುಟ್ಟಿದ ಸ್ಟ್ಯಾನ್ ಸ್ವಾಮಿ 1957ರಲ್ಲಿ ಯೇಸು ಸಭೆ ಸೇರಿದರು. ಕನ್ನಡಿಗರು ಗಮನಿಸಬೇಕಾದ ಅಧ್ಯಾಯವೊಂದು ಅವರ ಬದುಕಿನಲ್ಲಿದೆ: 1975ರಿಂದ 1986ರವರೆಗೆ ಅವರು ಬೆಂಗಳೂರಿನ ಬೆನ್ಸನ್ ಟೌನಿನಲ್ಲಿರುವ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಅಂದರೆ ತುರ್ತುಪರಿಸ್ಥಿತಿಯ ದಿನಗಳಲ್ಲಿ ಅವರಿದ್ದದ್ದು ಬೆಂಗಳೂರಿನಲ್ಲೇ. ಅಲ್ಲಿಂದ ಕೆಲವೇ ಮೈಲಿ ದೂರದ ಸೆಂಟ್ರಲ್ ಜೈಲಿನಲ್ಲಿ ಆಗ ಇನ್ನೊಬ್ಬರ ಉಸಿರು ಕಟ್ಟುತ್ತಿತ್ತು.

ಅವರು ಸ್ನೇಹಲತಾ ರೆಡ್ಡಿ. 1970ರ 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ನಾವು ಅವರನ್ನು ನೆನೆಯುತ್ತೇವೆ. ಸ್ಫೋಟದ ಸಂಚಿನ ಆರೋಪದ ಬರೋಡಾ ಡೈನಮೈಟ್ ಪ್ರಕರಣದ ಜಾಡಿನಲ್ಲಿ 1976ರ ಮೇ 2ರಂದು ಅವರನ್ನು ಬಂಧಿಸಿದರು. ನಾಲ್ಕೇ ದಿನ ಮೊದಲು, ಏಪ್ರಿಲ್ 28ರಂದು, ಜಬಲ್ಪುರ ಎ.ಡಿ.ಎಂ. ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತುರ್ತುಪರಿಸ್ಥಿತಿಯಲ್ಲಿ ಬಂಧಿತರಿಗೆ ಹೇಬಿಯಸ್ ಕಾರ್ಪಸ್ ಕೇಳುವ ಹಕ್ಕಿಲ್ಲ ಎಂದು ತೀರ್ಪು ಕೊಟ್ಟಿತ್ತು. ಭಿನ್ನ ತೀರ್ಪು ಬರೆದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಕೊನೆಯ ಆರೋಪಪಟ್ಟಿಯಲ್ಲಿ ಸ್ನೇಹಲತಾ ಅವರ ಹೆಸರೇ ಇರಲಿಲ್ಲ. ಆದರೂ ವಿಚಾರಣೆಯಿಲ್ಲದೆ ಬಂಧಿಸಿಡುವ ಮೀಸಾ ಕಾಯ್ದೆಯ ಕೆಳಗೆ ಅವರನ್ನು ಒಳಗೇ ಇಟ್ಟುಕೊಂಡರು. ಅವರಿಗಿದ್ದದ್ದು ಹಳೆಯ ಅಸ್ತಮಾ, ಅದು ಜೈಲಿನವರಿಗೆಲ್ಲ ಗೊತ್ತಿತ್ತು. ಅದೇ ಜೈಲಿನಲ್ಲಿದ್ದ ಮಧು ದಂಡವತೆ ರಾತ್ರಿಯ ಮೌನದಲ್ಲಿ ಸ್ನೇಹಲತಾ ಅವರ ಕೋಣೆಯಿಂದ ಬರುತ್ತಿದ್ದ ಚೀರಾಟವನ್ನು ಮುಂದೆ ನೆನೆದು ಬರೆದರು. ದಂಡವತೆ ಮುಂಬಯಿಯವರು, ಅಲ್ಲಿನ ಸಿದ್ಧಾರ್ಥ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು. ಮುಂಬಯಿ ಮೇಷ್ಟರೊಬ್ಬರ ಕಿವಿಯಲ್ಲಿ ಉಳಿದ ಬೆಂಗಳೂರಿನ ಆ ಚೀರಾಟ ಈ ವಿಷಯದಲ್ಲಿ ನನಗೆ ಸಿಕ್ಕ ಅತ್ಯಂತ ಭಾರವಾದ ಸಾಕ್ಷ್ಯ. 1977ರ ಜನವರಿ 15ರಂದು, 258 ದಿನಗಳ ನಂತರ, ಪೆರೋಲಿನ ಮೇಲೆ ಅವರನ್ನು ಹೊರಬಿಟ್ಟರು. 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ಸತ್ತರು.

ಆ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಎಂಬ ಹೆಸರಿನಲ್ಲಿ ಜನರಿಗೆ ತೆರೆಯಿತು. ನವಿ ಮುಂಬಯಿಯ ಅಂಚಿನಲ್ಲಿ ತಳೋಜಾ ಸೆಂಟ್ರಲ್ ಜೈಲು ಶುರುವಾದದ್ದೂ ಅದೇ 2008ರಲ್ಲಿ. ಆ ನವೆಂಬರ್ 26ರ ದಾಳಿಯಲ್ಲಿ ಮುಂಬಯಿ ರಕ್ತದಲ್ಲಿ ತೊಯ್ದಿತು. ಡಿಸೆಂಬರಿನಲ್ಲಿ ಸಂಸತ್ತು ರಾಷ್ಟ್ರೀಯ ತನಿಖಾ ಸಂಸ್ಥೆಯನ್ನು, ಅಂದರೆ ಎನ್‌ಐಎಯನ್ನು, ಹುಟ್ಟುಹಾಕಿತು. 1967ರ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಗೆ, ಅಂದರೆ ಯುಎಪಿಎಗೆ, 43ಡಿ(5) ಎಂಬ ಉಪಕಲಮು ಸೇರಿಸಿತು. ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಾಮೀನು ಕೊಡುವಂತಿಲ್ಲ ಎಂಬುದು ಅದರ ಸಾರ. 2019ರ ವಟಾಲಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಜಾಮೀನಿನ ಹಂತದಲ್ಲಿ ಸಾಕ್ಷ್ಯವನ್ನು ಆಳವಾಗಿ ಒರೆಹಚ್ಚಬಾರದೆಂದಿತು. ಮುಂಬಯಿಯ ಗಾಯದಿಂದ ಹುಟ್ಟಿದ ಈ ಉಪಕಲಮು ಹನ್ನೆರಡು ವರ್ಷಗಳ ನಂತರ ಅದೇ ನಗರಕ್ಕೆ ಒಬ್ಬ ಮುದುಕರನ್ನು ಕರೆತಂದಿತು.

ಆ ಹೊತ್ತಿಗೆ ಸ್ಟ್ಯಾನ್ ಸ್ವಾಮಿ ಜಾರ್ಖಂಡಿನಲ್ಲಿ ಸುಮಾರು ಮೂರು ದಶಕ ಕಳೆದಿದ್ದರು. ರಾಂಚಿಯ ನಾಮ್‌ಕುಮ್‌ನಲ್ಲಿ 'ಬಗೈಚಾ' ಎಂಬ ಕೇಂದ್ರ ಕಟ್ಟಿದ್ದರು. ನಕ್ಸಲರೆಂಬ ಆರೋಪ ಹೊತ್ತು ಜೈಲಿನಲ್ಲಿ ಕೊಳೆಯುತ್ತಿದ್ದ ಆದಿವಾಸಿ ವಿಚಾರಣಾಧೀನ ಕೈದಿಗಳ ಬಗ್ಗೆ 2016ರಲ್ಲಿ ಅಧ್ಯಯನ ವರದಿ ತಂದು, ಅವರ ಪರವಾಗಿ ಜಾರ್ಖಂಡ್ ಹೈಕೋರ್ಟಿಗೂ ಹೋದರು. ವಿಚಾರಣೆ ತಡವಾಗುವುದರಿಂದ ಮನುಷ್ಯನಿಗೆ ಏನಾಗುತ್ತದೆ ಎಂಬುದೇ ಅವರ ಸಂಶೋಧನೆಯ ವಿಷಯವಾಗಿತ್ತು.

2017ರ ಡಿಸೆಂಬರ್ 31ರಂದು ಪುಣೆಯ ಶನಿವಾರವಾಡೆಯೆದುರು ಎಲ್ಗಾರ್ ಪರಿಷತ್ ಎಂಬ ಸಭೆ ನಡೆದು, ಮರುದಿನ ಭೀಮಾ ಕೋರೇಗಾಂವಿನಲ್ಲಿ ಹಿಂಸೆ ನಡೆದ ಮೇಲೆ ದಾಖಲಾದ ಪ್ರಕರಣದಲ್ಲಿ ಬಂಧಿತರಾದವರು 16 ಮಂದಿ. ಕಡೆಯವರು ಸ್ಟ್ಯಾನ್ ಸ್ವಾಮಿ. ನಿಷೇಧಿತ ಮಾವೋವಾದಿ ಪಕ್ಷದ ಸದಸ್ಯ ಎಂಬುದು ಅವರ ಮೇಲಿನ ಆರೋಪ. ಅವರು ಅದನ್ನು ನಿರಾಕರಿಸಿದ್ದರು. 2020ರ ಜುಲೈ–ಆಗಸ್ಟಿನಲ್ಲಿ ಎನ್‌ಐಎ ರಾಂಚಿಯಲ್ಲೇ ಅವರನ್ನು ಸುಮಾರು 15 ಗಂಟೆ ಪ್ರಶ್ನಿಸಿತ್ತು. ಅಕ್ಟೋಬರ್ 8ರ ರಾತ್ರಿ ಬಂಧಿಸಿ ಮುಂಬಯಿಗೆ ತಂದಿತು. ಮರುದಿನವೇ ಆರೋಪಪಟ್ಟಿ ಸಲ್ಲಿಕೆಯಾಯಿತು. ಪ್ರಶ್ನಿಸಲು ತನ್ನ ವಶಕ್ಕೆ ಕೊಡಿ ಎಂದು ಸಂಸ್ಥೆ ಕೇಳಲೂ ಇಲ್ಲ. ತನಿಖೆಗೆ ಬೇಡವಾದವರನ್ನು, ಪಾರ್ಕಿನ್ಸನ್ ಕಾಯಿಲೆಯ 83ರ ವೃದ್ಧರನ್ನು, ಕೋವಿಡ್ ಕಾಲದಲ್ಲಿ ಕಿಕ್ಕಿರಿದ ಜೈಲಿಗೆ ಏಕೆ ಕಳಿಸಬೇಕಿತ್ತು? ಎಷ್ಟು ಬಾರಿ ಓದಿದರೂ ದಾಖಲೆಯಲ್ಲಿ ನನಗೆ ಇದಕ್ಕೆ ಸಮಾಧಾನವಾಗುವ ಉತ್ತರ ಕಾಣಲಿಲ್ಲ.

ಪಾರ್ಕಿನ್ಸನ್ ಇದ್ದವರ ಕೈಗೆ ನೀರಿನ ಲೋಟ ಕೊಟ್ಟು ನೋಡಿದವರಿಗೆ ಮುಂದಿನ ಸಂಗತಿ ಬೇಗ ಅರ್ಥವಾಗುತ್ತದೆ. ಲೋಟ ತುಟಿಗೆ ಮುಟ್ಟುವ ಮೊದಲೇ ಅರ್ಧ ನೀರು ಎದೆಯ ಮೇಲೆ ಚೆಲ್ಲಿರುತ್ತದೆ. ಹಾಗಾಗಿ ಬೇಕಾಗುವುದು ಮುಚ್ಚಳವಿರುವ ಸಿಪ್ಪರ್ ಲೋಟ, ಒಂದು ಹೀರುಕೊಳವೆ. ಬಂಧನದ ವೇಳೆ ಇವು ತಮ್ಮ ಚೀಲದಲ್ಲಿದ್ದವು, ವಾಪಸು ಕೊಡಿಸಿ ಎಂದು ನವೆಂಬರ್ 6ರಂದು ಅವರು ವಿಶೇಷ ನ್ಯಾಯಾಲಯವನ್ನು ಕೇಳಿದರು. ಉತ್ತರಿಸಲು ಎನ್‌ಐಎಗೆ 20 ದಿನ ಸಿಕ್ಕಿತು. 26ರಂದು ಸಂಸ್ಥೆ, ಅವು ನಮ್ಮಲ್ಲಿಲ್ಲ ಎಂದಿತು. ಅರ್ಜಿ ವಜಾ ಆಯಿತು. ಹೊಸ ಅರ್ಜಿ ಹಾಕಿದ್ದಕ್ಕೆ ನ್ಯಾಯಾಲಯ ಜೈಲಿನವರ ಉತ್ತರ ಕೇಳಿತು, ಮತ್ತೆ ವಾಯಿದೆ. ಸುದ್ದಿ ಹರಡಿ ದೇಶದ ಮೂಲೆಮೂಲೆಯಿಂದ ಜನ ಜೈಲಿಗೆ ಸಿಪ್ಪರ್ ಪಾರ್ಸೆಲ್ ಮಾಡತೊಡಗಿದರು. ಅಷ್ಟರಲ್ಲಿ ಒಳಗೆ ಅವರಿಗೆ ಊಟ ಮಾಡಿಸಲು, ಸ್ನಾನ ಮಾಡಿಸಲು ನಿಂತವರು ಸಹ ಆರೋಪಿಗಳಾದ ಮುಂಬಯಿಯ ಅರುಣ್ ಫೆರೇರಾ ಮತ್ತು ವರ್ನನ್ ಗೊನ್ಸಾಲ್ವಿಸ್.

ಅನಾರೋಗ್ಯದ ಆಧಾರದ ಮೇಲೆ ಕೇಳಿದ ಮಧ್ಯಂತರ ಜಾಮೀನು ಅಕ್ಟೋಬರ್ 22ರಂದೇ ತಿರಸ್ಕೃತವಾಗಿತ್ತು. ಆರೋಪಿ ಕೋವಿಡ್‌ನ ನೆಪ ಹೂಡುತ್ತಿದ್ದಾರೆ ಎಂಬುದು ಎನ್‌ಐಎ ವಾದ. ಜೈಲುಗಳ ದಟ್ಟಣೆ ತಗ್ಗಿಸಲು ಸುಪ್ರೀಂ ಕೋರ್ಟಿನ ಆದೇಶದಂತೆ ರಚನೆಯಾದ ಮಹಾರಾಷ್ಟ್ರದ ಉನ್ನತಾಧಿಕಾರ ಸಮಿತಿ ಯುಎಪಿಎ ಕೈದಿಗಳನ್ನು ಬಿಡುಗಡೆಯಿಂದ ಹೊರಗಿಟ್ಟಿತ್ತು. 2021ರ ಮಾರ್ಚ್ 22ರಂದು ಸಾಮಾನ್ಯ ಜಾಮೀನೂ ವಜಾ ಆಯಿತು. ಸಮುದಾಯದ ಹಿತ ವ್ಯಕ್ತಿಯ ಸ್ವಾತಂತ್ರ್ಯಕ್ಕಿಂತ ದೊಡ್ಡದು ಎಂದ ಆ ಆದೇಶ, ಅವರ ಕಾಯಿಲೆಯನ್ನು ಇದೆ ಎಂದು 'ಹೇಳಲಾದ' ಕಾಯಿಲೆ ಎಂದು ಕರೆಯಿತು. ನಡುಗುವ ಕೈಗಳು ಆ ಕಾಗದದಲ್ಲಿ ಬರಿಯ ಹೇಳಿಕೆಯಾದವು. ಅದಕ್ಕೆ ಏಳು ವಾರಗಳ ಹಿಂದೆಯಷ್ಟೇ ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿಚಾರಣೆ ಬೇಗ ಮುಗಿಯುವ ಲಕ್ಷಣವಿಲ್ಲದಿದ್ದರೆ ಯುಎಪಿಎಯಲ್ಲೂ ಸಂವಿಧಾನಾತ್ಮಕ ನ್ಯಾಯಾಲಯಗಳು ಜಾಮೀನು ಕೊಡಬಹುದೆಂದು ದಾರಿ ತೋರಿತ್ತು. ಆ ದಾರಿಯಲ್ಲಿ ನಡೆಯುವಷ್ಟು ಸಮಯ ಇವರಿಗೆ ಉಳಿದಿರಲಿಲ್ಲ.

ಮೇ 21ರಂದು ತಳೋಜಾದಿಂದ ವಿಡಿಯೊ ಮೂಲಕ ಅವರು ಹೈಕೋರ್ಟಿನೊಂದಿಗೆ ಮಾತಾಡಿದರು. ಬಂದಾಗ ನಡೆಯುತ್ತಿದ್ದೆ, ನಾನೇ ಸ್ನಾನ ಮಾಡುತ್ತಿದ್ದೆ, ಅಷ್ಟಿಷ್ಟು ಬರೆಯುತ್ತಿದ್ದೆ. ಒಂದೊಂದಾಗಿ ಎಲ್ಲ ಹೋಯಿತು, ಈಗ ಇನ್ನೊಬ್ಬರು ಉಣಿಸಬೇಕು ಎಂಬುದು ಅವರ ಮಾತಿನ ಭಾವ. ಜೆ.ಜೆ. ಆಸ್ಪತ್ರೆಗೆ ಕಳಿಸೋಣವೇ ಎಂದು ಪೀಠ ಕೇಳಿದ್ದಕ್ಕೆ, ಅದಕ್ಕಿಂತ ಇಲ್ಲೇ ಸಾಯುತ್ತೇನೆ, ಮಧ್ಯಂತರ ಜಾಮೀನು ಕೊಟ್ಟರೆ ರಾಂಚಿಯಲ್ಲಿ ನನ್ನವರೊಂದಿಗೆ ಇರುತ್ತೇನೆ ಎಂದರು. 28ರಂದು ಹೈಕೋರ್ಟು ಅವರನ್ನು ಹೋಲಿ ಫ್ಯಾಮಿಲಿಗೆ ಸೇರಿಸಲು ಆದೇಶಿಸಿತು. ಅಲ್ಲಿ ಪರೀಕ್ಷಿಸಿದಾಗ ಕೋವಿಡ್ ಪತ್ತೆಯಾಯಿತು.

ಬಂಧನದಿಂದ ಸಾವಿಗೆ 270 ದಿನ. ಸ್ನೇಹಲತಾ ಅವರ 258ರ ಪಕ್ಕದಲ್ಲಿ ಈ ಸಂಖ್ಯೆಯನ್ನಿಟ್ಟು ಎರಡೂ ಕಾಲ ಒಂದೇ ಎನ್ನುವುದು ಸುಲಭ. ಸಂಶೋಧಕ ಅಷ್ಟು ಅವಸರ ಮಾಡಬಾರದು. ಅಂದು ಹಕ್ಕನ್ನೇ ಅಮಾನತಿನಲ್ಲಿಟ್ಟಿದ್ದರು. 2020ರಲ್ಲಿ ಕೋರ್ಟುಗಳು ತೆರೆದಿದ್ದವು, ವಕೀಲರಿದ್ದರು, ಪತ್ರಿಕೆಗಳು ಬರೆದವು. ಬಂಧನವೂ ಜಾಮೀನು ನಿರಾಕರಣೆಯೂ ಕಾನೂನುಬದ್ಧ ಎಂದು ವಿದೇಶಾಂಗ ಸಚಿವಾಲಯ ಹೇಳಿಕೆ ಕೊಟ್ಟಿತು. ನನ್ನನ್ನು ಹೆಚ್ಚು ಕಾಡುವುದು ಈ ಕಾನೂನುಬದ್ಧತೆಯೇ. 2017ರಲ್ಲಿ ಚೀನಾದ ಬಂಧಿತ ಭಿನ್ನಮತೀಯ ಲಿಯು ಶಿಯಾಬೊ ಶೆನ್ಯಾಂಗಿನ ಆಸ್ಪತ್ರೆಯಲ್ಲಿ ಕಾವಲಿನೊಳಗೇ ಸತ್ತಾಗ ನಾವು ಆ ವ್ಯವಸ್ಥೆಯ ಹೆಸರನ್ನು ತಡವರಿಸದೆ ಹೇಳಿದೆವು. ಬಾಂದ್ರಾದ ಆಸ್ಪತ್ರೆಯ ಮುಂದೆ ಪದ ಸಿಗದೆ ನಿಂತೆವು.

2022ರ ಡಿಸೆಂಬರಿನಲ್ಲಿ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆ, ಪ್ರತಿವಾದಿ ವಕೀಲರ ಕೋರಿಕೆಯಂತೆ ಅವರ ಕಂಪ್ಯೂಟರಿನ ಪ್ರತಿಯನ್ನು ಪರೀಕ್ಷಿಸಿ, ಅದರಲ್ಲಿದ್ದ ದೋಷಾರೋಪಕ ಕಡತಗಳನ್ನು ಹ್ಯಾಕರ್ ಒಬ್ಬ ಸೇರಿಸಿದ್ದು ಎಂದಿತು. 2019ರ ಜೂನ್ 12ರಂದು ಪುಣೆ ಪೊಲೀಸರು ಯಂತ್ರ ವಶಪಡಿಸಿಕೊಳ್ಳುವ ಹಿಂದಿನ ದಿನ ಕುರುಹು ಅಳಿಸುವ ಯತ್ನ ನಡೆದಿತ್ತು ಎಂಬುದೂ ಆ ವರದಿಯಲ್ಲಿದೆ. ಆರ್ಸೆನಲ್ ಹೇಳುವುದನ್ನು ಎನ್‌ಐಎ ಒಪ್ಪಿಲ್ಲ. ಇದನ್ನು ಒರೆಹಚ್ಚಬೇಕಾದ ವಿಚಾರಣೆ ಅವರು ಬದುಕಿದ್ದಾಗ ಶುರುವಾಗಲೇ ಇಲ್ಲ.

ಆರೋಪಿ ಸತ್ತರೆ ಅವರ ಮೇಲಿನ ಪ್ರಕರಣ ಮುಗಿಯುತ್ತದೆ. ಮಾರ್ಚ್ 22ರ ಆದೇಶದ ಮಾತುಗಳು ಮಾತ್ರ ದಾಖಲೆಯಲ್ಲಿ ಉಳಿಯುತ್ತವೆ. ಆ ಕಳಂಕ ತೊಡೆಯಬೇಕೆಂದು ಸೇಂಟ್ ಝೇವಿಯರ್ಸ್ ಕಾಲೇಜಿನ ಮಾಜಿ ಪ್ರಿನ್ಸಿಪಾಲ್ ಫಾದರ್ ಫ್ರೇಜರ್ ಮಸ್ಕರೇನ್ಹಸ್ ಹೈಕೋರ್ಟಿಗೆ ಹೋದರು. ಸತ್ತವರ ಮೇಲ್ಮನವಿಯನ್ನು ಮುಂದುವರಿಸಲು ಕಾನೂನು ಹತ್ತಿರದ ಸಂಬಂಧಿಗಳಿಗೆ ಅವಕಾಶ ಕೊಡುತ್ತದೆ. ಸಂನ್ಯಾಸಿಗೆ ಹೆಂಡತಿ ಮಕ್ಕಳಿಲ್ಲ. ಜಮ್ಶೆಡ್‌ಪುರದ ಯೇಸು ಸಭೆಯವರನ್ನೇ ಅವರ ಹತ್ತಿರದ ಸಂಬಂಧಿಗಳೆಂದು ಪರಿಗಣಿಸಿ ಎಂಬುದು ಆ ಅರ್ಜಿಯ ಕೋರಿಕೆ.