ಚೂರು ಕಾಗದದ ಚಿತ್ರಗಳು: ಕೊಲಾಜ್ ಕಲೆಯ ಆರಂಭದ ದಶಕಗಳು

ಕಾಗದದ ಚೂರುಗಳನ್ನು ಅಂಟಿಸಿ ಚಿತ್ರ ಕಟ್ಟುವ ಕೊಲಾಜ್ ಯುರೋಪಿನ ಆಧುನಿಕ ಕಲೆಯಲ್ಲಿ ನೆಲೆಯೂರಿದ್ದು 1912ರಲ್ಲಿ. ಆ ವರ್ಷ ದಕ್ಷಿಣ ಫ್ರಾನ್ಸಿನ ಸೋರ್ಗ್‌ನಲ್ಲಿದ್ದ ಜಾರ್ಜ್ ಬ್ರಾಕ್ ಅವರಿಗೆ ಹತ್ತಿರದ ಅವಿನ್ಯೋನ್ ಪಟ್ಟಣದ ಅಂಗಡಿಯಲ್ಲಿ, ಮರದ ಹಲಗೆಯಂತೆ ಕಾಣುವ ಅಚ್ಚಿನ ಗೋಡೆ ಕಾಗದ ಸಿಕ್ಕಿತು. ಅದರ ಪಟ್ಟಿಗಳನ್ನು ಕತ್ತರಿಸಿ, ಇದ್ದಿಲಿನಲ್ಲಿ ಬರೆದ ಹಣ್ಣಿನ ತಟ್ಟೆ ಮತ್ತು ಗಾಜಿನ ಲೋಟದ ಚಿತ್ರಕ್ಕೆ ಅಂಟಿಸಿದರು. ಪಾಬ್ಲೊ ಪಿಕಾಸೊ ಅದೇ ವರ್ಷ ದಿನಪತ್ರಿಕೆಯ ತುಣುಕುಗಳನ್ನು ಬಳಸತೊಡಗಿದರು. ಇಬ್ಬರಿಗೂ ಲೋಟ, ಸೀಸೆ, ಗಿಟಾರುಗಳೇ ಚಿತ್ರದ ವಸ್ತು. ಕಾಗದ ಅದಕ್ಕೆ ಒದಗಿಬಂದ ಸಾಮಗ್ರಿ.

ಈ ಕ್ರಮವನ್ನು ತಲೆಕೆಳಗು ಮಾಡಿದವರಲ್ಲಿ ಹಾನ್ಸ್ ಆರ್ಪ್ ಮುಖ್ಯರು. ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಡಾಡಾ ಬಳಗದ ಜೊತೆಗಿದ್ದರು. 1916–17ರಲ್ಲಿ ಕಾಗದವನ್ನು ಚೌಕಚೌಕವಾಗಿ ಹರಿದು, ಹಾಳೆಯ ಮೇಲೆ ಉದುರಿಸಿ, ಬಿದ್ದ ಜಾಗದಲ್ಲೇ ಅಂಟಿಸುವ ಪ್ರಯೋಗ ನಡೆಸಿದರು. ಆದರೂ ಉಳಿದಿರುವ ಕೃತಿಗಳಲ್ಲಿ ಚೌಕಗಳ ನಡುವೆ ಒಂದು ಹದವಾದ ಅಂತರ ಕಾಣುತ್ತದೆ. ಆಕಸ್ಮಿಕವಾಗಿ ಬಿದ್ದದ್ದನ್ನು ಕಲಾವಿದನ ಕಣ್ಣು ಒರೆಹಚ್ಚಿ ನೋಡಿ, ಕೈ ಅಷ್ಟಿಷ್ಟು ಸರಿಸಿರಬೇಕೆಂದು ಇದರಿಂದ ಊಹಿಸಬಹುದು.

ರದ್ದಿ ಕಾಗದವನ್ನೇ ಬದುಕಿನ ಕಾಯಕ ಮಾಡಿಕೊಂಡವರು ಜರ್ಮನಿಯ ಹ್ಯಾನೋವರ್‌ನ ಕರ್ಟ್ ಶ್ವಿಟರ್ಸ್ (1887–1948). ಯುದ್ಧದಲ್ಲಿ ಒಡೆದುಹೋದ ಲೋಕವನ್ನು ಅದರ ಚೂರುಗಳಿಂದಲೇ ಮತ್ತೆ ಕಟ್ಟಬೇಕೆಂಬುದು ಅವರ ನಿಲುವು. ಬ್ಯಾಂಕೊಂದರ ಜಾಹೀರಾತಿನಿಂದ ಕತ್ತರಿಸಿ ಅಂಟಿಸಿದ ತುಣುಕಿನಲ್ಲಿ ಉಳಿದ 'ಮೆರ್ಜ್' ಎಂಬ ಅಕ್ಷರಗಳನ್ನೇ 1919ರಿಂದ ತಮ್ಮ ಕಲೆಗೆ ಹೆಸರಾಗಿಟ್ಟರು. ಟ್ರಾಮ್ ಟಿಕೆಟು, ಲಕೋಟೆ, ಮಿಠಾಯಿ ಸುತ್ತಿದ ಕಾಗದ, ಅಚ್ಚುಕೂಟದಲ್ಲಿ ಕೆಟ್ಟ ಹಾಳೆ, ಹೀಗೆ ಬೀದಿಯಲ್ಲಿ ಸಿಕ್ಕಿದ್ದೆಲ್ಲ ಅವರ ಚಿತ್ರ ಸೇರುತ್ತಿತ್ತು.

ಅವರು ಕೆಲಸ ಮಾಡುತ್ತಿದ್ದ ರೀತಿಯನ್ನು ಕಂಡವರು ದಾಖಲಿಸಿದ್ದಾರೆ. ಹಿಟ್ಟನ್ನು ನೀರಿನಲ್ಲಿ ಕಲಸಿದ ಅಂಟನ್ನು ಹಾಳೆಯ ಮೇಲೆ ಧಾರಾಳವಾಗಿ ಬಳಿದು, ಅದು ಹಸಿಯಾಗಿರುವಾಗಲೇ ಚೂರುಗಳನ್ನು ಅತ್ತಿತ್ತ ಸರಿಸುತ್ತಿದ್ದರು. ಮುದ್ದೆಯಾದ ಸಣ್ಣ ತುಣುಕುಗಳನ್ನು ಬೆರಳ ತುದಿಯಿಂದ ಒತ್ತಿ ಕೂರಿಸುತ್ತಿದ್ದರು. ಕೊನೆಗೆ ಹೆಚ್ಚಾದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಲ್ಲಲ್ಲಿ ತೆಳುವಾದ ಪದರವನ್ನು ಹಾಗೇ ಬಿಡುತ್ತಿದ್ದರು. ಅಂಟು ಆರುವ ತನಕ ಚಿತ್ರದ ರೂಪ ನಿಶ್ಚಯವಾಗುತ್ತಿರಲಿಲ್ಲ. ಒಂದು ಚೂರಿನ ಬಣ್ಣವೋ ಹರಿದ ಅಂಚೋ ಪಕ್ಕದ ಚೂರು ಯಾವುದೆಂದು ತೀರ್ಮಾನಿಸುತ್ತಿತ್ತು.

1937ರಲ್ಲಿ ನಾಜಿ ಸರ್ಕಾರ ಮ್ಯೂನಿಕ್‌ನಲ್ಲಿ ಏರ್ಪಡಿಸಿದ 'ಅಧಃಪತಿತ ಕಲೆ' ಪ್ರದರ್ಶನದಲ್ಲಿ ಶ್ವಿಟರ್ಸ್ ಕೃತಿಗಳನ್ನೂ ಹೀಗಳೆಯಲಾಯಿತು. ಅಷ್ಟರಲ್ಲಿ ಅವರು ನಾರ್ವೆ ಸೇರಿದ್ದರು. 1940ರಲ್ಲಿ ಜರ್ಮನ್ ಸೇನೆ ಅಲ್ಲಿಗೂ ನುಗ್ಗಿದಾಗ ಬ್ರಿಟನ್ನಿಗೆ ಪಾರಾದರು. ಶತ್ರುದೇಶದವರೆಂಬ ಕಾರಣಕ್ಕೆ ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ 1941ರ ನವೆಂಬರ್‌ವರೆಗೆ ಬಂಧನದಲ್ಲಿದ್ದರು. ಹ್ಯಾನೋವರ್‌ನ ಮನೆಯೊಳಗೆ ವರ್ಷಗಟ್ಟಲೆ ಕಟ್ಟಿದ್ದ 'ಮೆರ್ಜ್‌ಬೌ' 1943ರ ಬಾಂಬ್ ದಾಳಿಯಲ್ಲಿ ನಾಶವಾಯಿತು. ಅಷ್ಟಾದರೂ ಕೊಲಾಜ್ ನಿಲ್ಲಲಿಲ್ಲ. ಇಂಗ್ಲಿಷ್ ಬಸ್ ಟಿಕೆಟುಗಳು, ಅಮೆರಿಕದ ಕಾಮಿಕ್ಸ್ ಪುಟಗಳು ಹೊಸ ಸಾಮಗ್ರಿಯಾದವು. 1947ರಲ್ಲಿ ಲೇಕ್ ಡಿಸ್ಟ್ರಿಕ್ಟ್‌ನ ಎಲ್ಟರ್‌ವಾಟರ್‌ನಲ್ಲಿ ಕಲ್ಲಿನ ಕೊಟ್ಟಿಗೆಯೊಂದರ ಗೋಡೆಯ ಮೇಲೆ ಕೆಲಸ ಆರಂಭಿಸಿ, ಅದು ಮುಗಿಯುವ ಮೊದಲೇ, 1948ರ ಜನವರಿಯಲ್ಲಿ ತೀರಿಕೊಂಡರು.

ಆ ಗೋಡೆಯನ್ನು 1965ರಲ್ಲಿ ನ್ಯೂಕ್ಯಾಸಲ್‌ನ ಹ್ಯಾಟನ್ ಗ್ಯಾಲರಿಗೆ ಸಾಗಿಸಲಾಯಿತು. ಅಮೆರಿಕದ ರಾಬರ್ಟ್ ರೌಶೆನ್‌ಬರ್ಗ್ ಮುಂತಾದವರ ಮೇಲೆ ಶ್ವಿಟರ್ಸ್ ಪ್ರಭಾವ ಗಾಢವಾಗಿದೆ. ಮುಂಚಿತವಾಗಿ ನಕ್ಷೆ ಹಾಕದೆ, ಕೈಗೆ ಸಿಕ್ಕ ಚೂರಿನಿಂದ ಆರಂಭಿಸುವ ಇಂದಿನ ಕೊಲಾಜ್ ಅಭ್ಯಾಸದ ಬೇರುಗಳಲ್ಲಿ ಜ್ಯೂರಿಕ್ ಮತ್ತು ಹ್ಯಾನೋವರ್‌ಗಳ ಈ ಪ್ರಯೋಗಗಳೂ ಸೇರಿವೆ.