ಗೋಕಾಕದ ಪೇರಲ ತಿನ್ನೋಕಲ್ಲ

ಗೋಕಾಕ್ ಅಂದ್ರೆ ಬೆಂಗಳೂರಿನ ಗೆಳೆಯರಿಗೆ ಕರದಂಟು ನೆನಪಾಗುತ್ತೆ, ಮಳೆಗಾಲದಲ್ಲಾದ್ರೆ ಫಾಲ್ಸ್. ಆದರೆ 1908ರ ಇಂಪೀರಿಯಲ್ ಗೆಜೆಟಿಯರ್ ಈ ಊರಿನ ಹೆಸರಿನ ಮುಂದೆ ಬರೆದುಕೊಂಡದ್ದು ಬೇರೆಯದನ್ನು: ಇಲ್ಲಿನ ಆಟಿಕೆಗಳು. ಮರದಿಂದಲೂ, ಆಸುಪಾಸಿನಲ್ಲೇ ಸಿಗುವ ಒಂದು ಬಗೆಯ ಮಣ್ಣಿನಿಂದಲೂ ಮಾಡಿದ ಗೊಂಬೆಗಳು, ಹಣ್ಣುಗಳು.

ನಾನು ರಾಯಬಾಗ ಕಡೆಯವನು. ನಮ್ಮಲ್ಲಿ ಗೋಡೆಯ ಕಪಾಟಿನ ಗಾಜಿನ ಹಿಂದೆ ಈ ಹಣ್ಣುಗಳ ಬುಟ್ಟಿ ಇಡುತ್ತಿದ್ದರು. ಪೇರಲ, ಸೀತಾಫಲ, ಬಾಳೆ, ಬದನೆ. ಮನೆಗೆ ಬಂದ ಚಿಕ್ಕ ಹುಡುಗರು ಕೈ ಹಾಕಿದರೆ ಹಿರಿಯರು ನಗುತ್ತಿದ್ದರು, ‘ಏ ತಮ್ಮಾ, ಹಲ್ಲ ಮುರಕೊಂಡಿಯೋ, ಅದು ಕಟ್ಟಗೀದು!’ ಜಾತ್ರೆಯ ರಬ್ಬರ್ ಜೇಡ ಒಂದು ಕ್ಷಣ ಹೆದರಿಸಿದರೆ ಅದರ ಕೆಲಸ ಮುಗೀತು. ಗೋಕಾಕದ ಪೇರಲ ಹಾಗಲ್ಲ. ಸುಳ್ಳು ಅಂತ ಗೊತ್ತಾದ ಮೇಲೇ ಅದನ್ನು ಸರಿಯಾಗಿ ನೋಡೋಕೆ ಶುರು ಮಾಡ್ತೀವಿ.

ಇದನ್ನು ಮಾಡುತ್ತ ಬಂದವರು ಜೀನಗಾರರು. ‘ಜೀನ್’ ಅಂದ್ರೆ ಕುದುರೆಯ ತಡಿ. ತಡಿ ಹೊಲಿಯುವವರು ಅನ್ನೋ ಹೆಸರಿದ್ದರೂ, ಹಳೇ ಮುಂಬಯಿ ಪ್ರಾಂತ್ಯದಲ್ಲಿ ಮೂರ್ತಿ ಮಾಡೋದು, ಬಣ್ಣ ಬಳಿಯೋದು, ಹೀಗೆ ಹತ್ತಾರು ಕೆಲಸ ಈ ಕೈಗಳಲ್ಲಿ ಇದ್ದವು. ಹಣ್ಣು ಮಾಡುವವನಿಗೆ ಉಳಿ ಹಿಡಿಯೋಕೆ ಬಂದರೆ ಸಾಲದು. ಪೇರಲದ ಹಸಿರು ಎಲ್ಲಿ ಹಳದಿಗೆ ತಿರುಗುತ್ತೆ, ಬಾಳೆಯ ಮೇಲೆ ಕಪ್ಪು ಚುಕ್ಕೆ ಎಲ್ಲಿಂದ ಶುರುವಾಗುತ್ತೆ, ಇದೆಲ್ಲ ಗೊತ್ತಿರಬೇಕು.

ಇಂಥ ನೋಟಕ್ಕೆ ಹಾರ್ವರ್ಡ್ ವಿಶ್ವವಿದ್ಯಾಲಯ ದೊಡ್ಡ ಬೆಲೆ ಕೊಟ್ಟಿತ್ತು. ಒಣಗಿಸಿಟ್ಟ ಗಿಡಗಳ ಬಣ್ಣ, ಆಕಾರ ಉಳಿಯಲ್ಲ ಅಂತ, ಪಾಠಕ್ಕಾಗಿ ಗಾಜಿನ ಗಿಡ, ಹೂ, ಹಣ್ಣು ಮಾಡಿಸಿತು. ಜರ್ಮನಿಯ ಡ್ರೆಸ್ಡನ್ ಬಳಿ ಇದ್ದ ಲಿಯೋಪೋಲ್ಡ್ ಮತ್ತು ರುಡೋಲ್ಫ್ ಬ್ಲಾಷ್ಕಾ, ಅಪ್ಪ-ಮಗ, 1887ರಲ್ಲಿ ಕೆಲಸ ಶುರು ಮಾಡಿದರು. 1895ರಲ್ಲಿ ಅಪ್ಪ ತೀರಿಕೊಂಡ ಮೇಲೆ ಮಗ ಒಬ್ಬನೇ 1936ರವರೆಗೆ ಮುಂದುವರಿಸಿದ. ಒಟ್ಟು 4,000ಕ್ಕೂ ಹೆಚ್ಚು ಮಾದರಿಗಳು. ಆದರೆ ಅವನಿಗೆ ಮಕ್ಕಳಿರಲಿಲ್ಲ, ಶಿಷ್ಯರೂ ಇರಲಿಲ್ಲ. ವಸ್ತುಗಳು ಮ್ಯೂಸಿಯಂನಲ್ಲಿ ಉಳಿದವು, ಕೈ ಉಳಿಯಲಿಲ್ಲ.

ಗೋಕಾಕದ ಭಯವೂ ಅದೇ. ಈಗ ಈ ಕೆಲಸ ಮಾಡುವ ಮನೆಗಳು ಕೆಲವೇ ಕೆಲವು. ಪ್ಲಾಸ್ಟಿಕ್ ಹಣ್ಣು ಎಲ್ಲಾ ಕಡೆ ಸಿಗುತ್ತೆ, ಅಗ್ಗಕ್ಕೆ ಸಿಗುತ್ತೆ. ಮೊದಲು ‘ಇದು ನಿಜವಾದ ಹಣ್ಣೋ, ಗೊಂಬೆಯೋ?’ ಅಂತ ಕೇಳುತ್ತಿದ್ದೆವು. ಈಗ ‘ಇದು ನಿಜವಾದ ಗೊಂಬೆಯೋ?’ ಅಂತ ಕೇಳಬೇಕಾಗಿದೆ.

ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿಗೂ ಇದೇ ಪ್ರಶ್ನೆ ಎದುರಾಗಿತ್ತು. ಜಗತ್ತು ಅದನ್ನು ‘ಕೊಲ್ಹಾಪುರಿ’ ಅಂತ ಕರೆಯಿತು. 2018ರ ಡಿಸೆಂಬರಿನಲ್ಲಿ ಜಿಐ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. 2025ರ ಜೂನಿನಲ್ಲಿ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅಂಥದೇ ಚಪ್ಪಲಿಯನ್ನು, ಮೂಲದ ಹೆಸರು ಹೇಳದೆ, ತೋರಿಸಿದಾಗ ಗಲಾಟೆ ಎಬ್ಬಿಸೋಕೆ ಆ ಮಾನ್ಯತೆ ಕೆಲಸಕ್ಕೆ ಬಂತು. ಕಂಪನಿ ಮೂಲವನ್ನು ಒಪ್ಪಿಕೊಳ್ಳಬೇಕಾಯಿತು.

ಆದರೆ ಅಂಗಡಿಯಲ್ಲಿ ನಿಂತಾಗ ಕಾಯಿದೆಗಿಂತ ಕಣ್ಣು ಬೇಗ ಕೆಲಸ ಮಾಡುತ್ತೆ. ಚಪ್ಪಲಿಯಾದ್ರೆ ತಿರುಗಿಸಿ ನೋಡಿ: ಮೊಳೆ ಇರಬಾರದು, ತೊಗಲಿನ ದಾರದ ಹೊಲಿಗೆ ಇರಬೇಕು. ಹಣ್ಣಾದ್ರೆ ಬುಟ್ಟಿಯಿಂದ ಎರಡು ಪೇರಲ ತೆಗೆದು ಪಕ್ಕಪಕ್ಕ ಇಡಿ. ಅಚ್ಚಿನ ಎರಡು ಭಾಗ ಕೂಡಿದ ಗೆರೆ ಕಂಡರೆ, ಚುಕ್ಕೆ ಎರಡರಲ್ಲೂ ಒಂದೇ ಜಾಗದಲ್ಲಿದ್ದರೆ, ಅದು ಯಂತ್ರದ್ದು. ಎರಡೂ ಬೇರೆ ಬೇರೆ ಕಂಡರೆ ಚೌಕಾಸಿ ಮಾಡಬೇಡಿ, ತಗೊಳ್ಳಿ. ಆಮೇಲೆ ಇನ್ನೊಂದು ಮಾತು ಕೇಳಿ: ‘ಈ ಕೆಲಸ ಮನ್ಯಾಗ ಯಾರಾದ್ರೂ ಕಲಿಯಾಕತ್ತಾರೇನ್ರೀ?’